ನಾಲ್ಕು ತೂತುಗಳಿಗೆ ಮುಂಚಿನ ಹದಿನಾಲ್ಕು ದಿನ

ಬೀದರ್–ಶ್ರೀರಂಗಪಟ್ಟಣ ಹೆದ್ದಾರಿ ಕೃಷ್ಣೆಯನ್ನು ದಾಟುವುದು ತಿಂಥಣಿಯಲ್ಲಿ. ಹೊಳೆಯ ಈಚೆ ದಂಡೆಗೆ ಮೌನೇಶ್ವರನ ಗುಡಿ, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ. ಸೇತುವೆ ಇಳಿದರೆ ರಾಯಚೂರು ಜಿಲ್ಲೆ. ದೊಡ್ಡ ಜಡ್ಡು ಬಂದಾಗ ಇಲ್ಲಿಯವರು ಹಿಡಿಯುವ ದಾರಿಗಳೂ ಇಲ್ಲಿಂದಲೇ ಕವಲಾಗುತ್ತವೆ. ಉತ್ತರಕ್ಕೆ ಸುರಪುರ, ಶಹಾಪುರ, ಜೇವರ್ಗಿ ಹಾಯ್ದು ಕಲಬುರಗಿ. ಹೊಳೆಯಾಚೆ ದೇವದುರ್ಗದ ಮೇಲಿಂದ ರಾಯಚೂರು. ಅಲ್ಲಿಯೂ ಆಗದು ಎಂದರೆ ಹೈದರಾಬಾದ್, ಸೊಲ್ಲಾಪುರ, ಕೊನೆಗೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರು. ಈ ದಾರಿಗಳಲ್ಲಿ ಓಡಾಡುವ ರೋಗಿಗಳಲ್ಲಿ ಅಡ್ರಿನಲ್ ಗ್ರಂಥಿಯ ಗಡ್ಡೆಯವರು ಕೆಲವರೇ. ಆದರೆ ಆ ಕೆಲವರಲ್ಲಿ ಬಹಳ ಜನ ತಮಗೇನಾಗಿದೆ ಎಂದು ತಿಳಿಯುವ ಮೊದಲೇ ವರ್ಷಗಟ್ಟಲೆ ಅಲೆದಿರುತ್ತಾರೆ.

ತಿಳಿದ ಮೇಲೆ ಮನೆಯವರು ಕೇಳುವ ಮೊದಲ ಪ್ರಶ್ನೆ: "ಹೊಟ್ಟಿ ಕೊಯ್ತಾರೇನ್ರಿ, ತೂತ ಹಾಕಿ ತಗೀತಾರೇನ್ರಿ?" ಕೇಳಬೇಕಾದ ಪ್ರಶ್ನೆಯೇ ಅದು. ದುಡಿದು ತಿನ್ನುವ ಮನೆಯಲ್ಲಿ ಹೊಟ್ಟೆಯುದ್ದದ ಗಾಯವೆಂದರೆ ಒಂದು ಹಂಗಾಮು ಕೈಬಿಟ್ಟಂತೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ಭತ್ತ ನಾಟಿ ಮಾಡುವವರಿಗೆ, ಹತ್ತಿ ಬಿಡಿಸಲು ಹೋಗುವವರಿಗೆ ಆ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಉತ್ತರವೂ ಸಮಾಧಾನ ಕೊಡುವಂಥದ್ದೇ: ಈ ಗಡ್ಡೆಗಳಲ್ಲಿ ಹೆಚ್ಚಿನವನ್ನು ಈಗ ಮೂರು ನಾಲ್ಕು ಸಣ್ಣ ರಂಧ್ರಗಳ ಮೂಲಕ ತೆಗೆಯುತ್ತಾರೆ, ಬಹಳಷ್ಟು ರೋಗಿಗಳು ಎರಡು ಮೂರು ದಿನಕ್ಕೆ ಮನೆಗೆ ಹೋಗುತ್ತಾರೆ. ಆದರೆ ಈ ಆಪರೇಷನ್ ಗೆಲ್ಲುವುದೋ ಸೋಲುವುದೋ ಎನ್ನುವುದು ಚರ್ಮಕ್ಕೆ ಚಾಕು ತಾಗುವ ಮೊದಲೇ ಬಹುಪಾಲು ತೀರ್ಮಾನವಾಗಿರುತ್ತದೆ. ಬಿಪಿಯನ್ನು ನೋಡಿ ಅನುಮಾನ ಪಟ್ಟ ವೈದ್ಯರಿಂದ ಹಿಡಿದು, ಎರಡು ವಾರ ಗುಳಿಗೆ ತಪ್ಪದಂತೆ ಕೊಟ್ಟ ಮನೆಯವರವರೆಗೆ ಎಲ್ಲರೂ ಅದರಲ್ಲಿ ಪಾಲುದಾರರು. ಆ ಕೆಲಸದಲ್ಲಿ ದೊಡ್ಡ ಪಾಲು ಸುರಪುರದ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆಯಬಲ್ಲದು. ಅಲ್ಲೇ ನಡೆಯಬೇಕು ಎನ್ನುವುದು ನನ್ನ ಒತ್ತಾಯ.

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು ಅಡ್ರಿನಲ್ ಗ್ರಂಥಿ ಇರುತ್ತದೆ. ತೂಕ ನಾಲ್ಕೈದು ಗ್ರಾಂ, ಬಣ್ಣ ಬಂಗಾರದ ಹಳದಿ, ಜಾಗ ಬೆನ್ನಿನ ಕಡೆಗೆ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ. 1564ರಲ್ಲಿ ಇಟಲಿಯ ಬಾರ್ತೊಲೊಮಿಯೊ ಯುಸ್ಟಾಕಿ ಇದನ್ನು ವರ್ಣಿಸಿ ಬರೆದರೂ ಇದರ ಕೆಲಸವೇನೆಂಬುದು ಮುಂದಿನ ಸುಮಾರು ಮುನ್ನೂರು ವರ್ಷ ಯಾರಿಗೂ ತಿಳಿದಿರಲಿಲ್ಲ. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್, ಈ ಗ್ರಂಥಿಗಳು ಹಾಳಾದವರು ಮೈ ಕಪ್ಪಿಟ್ಟು, ನಿತ್ರಾಣರಾಗಿ, ಕಡೆಗೆ ಸಾಯುತ್ತಾರೆ ಎಂದು ತೋರಿಸಿದರು. ಆಗ ಗ್ರಂಥಿ ಹಾಳಾಗಲು ದೊಡ್ಡ ಕಾರಣ ಕ್ಷಯರೋಗ. ನಮ್ಮ ದೇಶದಲ್ಲಿ ಇಂದಿಗೂ ಅದೊಂದು ಮುಖ್ಯ ಕಾರಣವಾಗಿಯೇ ಉಳಿದಿದೆ. ಆದ್ದರಿಂದ ಸ್ಕ್ಯಾನಿನಲ್ಲಿ ಎರಡೂ ಕಡೆಯ ಗ್ರಂಥಿ ದಪ್ಪಗೆ ಕಂಡಾಗ, ಗಡ್ಡೆ ಎಂದು ಆಪರೇಷನ್ನಿಗೆ ಹೊರಡುವ ಮೊದಲು ಕ್ಷಯವನ್ನು ನೆನೆಯಬೇಕು. ಅದಕ್ಕೆ ಬೇಕಾದದ್ದು ಗುಳಿಗೆ, ಕತ್ತರಿಯಲ್ಲ.

ಗ್ರಂಥಿಗೆ ಹೊರಪದರವೊಂದು, ಒಳತಿರುಳೊಂದು. ಹೊರಪದರ ತಯಾರಿಸುವ ಆಲ್ಡೊಸ್ಟೆರೋನ್ ಮೈಯ ಉಪ್ಪು ನೀರಿನ ಲೆಕ್ಕ ನೋಡಿಕೊಳ್ಳುತ್ತದೆ. ಕಾರ್ಟಿಸೋಲ್ ಜ್ವರ, ಗಾಯ, ಉಪವಾಸ ಯಾವುದೇ ಬಂದರೂ ದೇಹ ತಾಳಿಕೊಳ್ಳುವಂತೆ ಮಾಡುತ್ತದೆ. ಒಳತಿರುಳು ಸುರಿಸುವುದು ಅಡ್ರಿನಲಿನ್ ಮತ್ತು ಅದರ ಒಡಹುಟ್ಟು ನಾರ್‌ಅಡ್ರಿನಲಿನ್: ಹಾವು ಕಂಡಾಗ ಎದೆ ಹೊಡೆದುಕೊಳ್ಳುವಂತೆ, ಕೈಕಾಲು ತಣ್ಣಗಾಗುವಂತೆ ಮಾಡುವ ಹಾರ್ಮೋನುಗಳು. ಇಲ್ಲಿ ಬೆಳೆಯುವ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಯಾವ ಹಾರ್ಮೋನನ್ನೂ ಅತಿಯಾಗಿ ಸುರಿಸುವುದೂ ಇಲ್ಲ, ಸುಮ್ಮನೆ ಕೂತಿರುತ್ತವೆ. ತೊಂದರೆ ಕೊಡುವವು ಉಳಿದವು.

ಮೊದಲು ಆಲ್ಡೊಸ್ಟೆರೋನ್. ಇದು ಹೆಚ್ಚಾದರೆ ಮೈ ಉಪ್ಪನ್ನು ಹಿಡಿದಿಟ್ಟುಕೊಂಡು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಕಳೆದುಕೊಳ್ಳುತ್ತದೆ. ಬಿಪಿ ಏರುತ್ತದೆ, ಕೆಲವರಿಗೆ ಕಾಲು ಸೋತು ಬೆಳಿಗ್ಗೆ ಎದ್ದು ನಿಲ್ಲಲಾಗುವುದಿಲ್ಲ. ಅಮೆರಿಕದ ಜೆರೋಮ್ ಕಾನ್ 1955ರಲ್ಲಿ ಇದನ್ನು ವರದಿ ಮಾಡಿದಾಗ ಬಹಳ ಅಪರೂಪದ ಕಾಯಿಲೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಈಗಿನ ಅಂದಾಜು ಬೇರೆ: ಬಿಪಿ ಇರುವ ನೂರು ಜನರಲ್ಲಿ ಐದರಿಂದ ಹತ್ತು ಜನಕ್ಕೆ ಮೂಲ ಇದೇ, ಗಡ್ಡೆಯಾಗಿ ಇಲ್ಲವೇ ಎರಡೂ ಗ್ರಂಥಿಗಳ ಊತವಾಗಿ. ಹಾಗಾಗಿಯೇ 2025ರಲ್ಲಿ ಎಂಡೊಕ್ರೈನ್ ಸೊಸೈಟಿಯ ತಜ್ಞರು ಬಿಪಿ ಇರುವ ಎಲ್ಲರಿಗೂ ಈ ಹಾರ್ಮೋನಿನ ರಕ್ತಪರೀಕ್ಷೆ ಆಗಲಿ ಎಂದು ಸಲಹೆ ಮಾಡಿದರು. ನಮ್ಮ ತಾಲ್ಲೂಕುಗಳಿಗೆ ಅಷ್ಟು ದೂರ ಈಗಲೇ ಹೋಗಲಾಗದಿದ್ದರೂ ನಲವತ್ತರ ಒಳಗಿನವರಿಗೆ, ಮೂರು ಬಗೆಯ ಗುಳಿಗೆ ನುಂಗಿದರೂ ಬಿಪಿ ಇಳಿಯದವರಿಗೆ, ಪೊಟ್ಯಾಸಿಯಂ ಕಡಿಮೆ ಬಂದವರಿಗೆ ಆ ಪರೀಕ್ಷೆ ಮಾಡಿಸಲು ಯಾವ ಅಡ್ಡಿಯೂ ಇರಬಾರದು.

ಎರಡನೆಯದು ಕಾರ್ಟಿಸೋಲ್. ಮುಖ ಗುಂಡಗೆ ಉಬ್ಬುತ್ತದೆ, ಕೆಂಪೇರುತ್ತದೆ. ಹೊಟ್ಟೆ ಬೆಳೆದು ಕೈಕಾಲು ಸಣ್ಣಗಾಗುತ್ತವೆ. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಬರೆಗಳು ಮೂಡುತ್ತವೆ. ನೆಲದ ಮೇಲೆ ಕೂತವರು ಕೈಯೂರದೆ ಏಳಲಾರರು. ಜೊತೆಗೆ ಸಕ್ಕರೆ ಕಾಯಿಲೆ, ಬಿಪಿ. ಹಾರ್ವಿ ಕುಶಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರ ಹೆಸರಿನಲ್ಲಿ ಇದನ್ನು ಕುಶಿಂಗ್ ಲಕ್ಷಣ ಎನ್ನುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಈ ರೂಪದಲ್ಲಿ ಕಾಣುವವರಲ್ಲಿ ಹೆಚ್ಚಿನವರಿಗೆ ಗಡ್ಡೆಯೇ ಇರುವುದಿಲ್ಲ. ಮೊಣಕಾಲು ನೋವಿಗೆ, ದಮ್ಮಿಗೆ, ಮೈ ತುರಿಕೆಗೆ, "ಒಂದ ಸೂಜಿ ಮಾಡ್ರಿ, ನಾಳಿ ಕೆಲಸಕ್ಕ ಹೋಗಬೇಕು" ಎಂದು ಕೇಳಿದವರಿಗೆ ಸಿಗುವ ಡೆಕ್ಸಾಮೆಥಾಸೋನ್ ಸೂಜಿ, ಪ್ರೆಡ್ನಿಸೋಲೋನ್ ಗುಳಿಗೆ, ಹೆಸರಿಲ್ಲದ ಪುಡಿಯ ಪೊಟ್ಟಣದಲ್ಲಿ ಬೆರೆತ ಸ್ಟೀರಾಯ್ಡ್ ತಿಂಗಳುಗಟ್ಟಲೆ ಒಳಗೆ ಹೋದದ್ದರ ಫಲ ಅದು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿರುವಾಗ ಅಡ್ರಿನಲ್ ಗ್ರಂಥಿ ಬೆಳೆಯುವ ಬದಲು ಒಣಗುತ್ತದೆ. ಇಂಥವರು ಹೆದರಿ ಔಷಧಿಯನ್ನು ಥಟ್ಟನೆ ನಿಲ್ಲಿಸಿದರೆ ವಾಂತಿಯಾಗಿ, ಬಿಪಿ ಕುಸಿದು, ಜೀವಕ್ಕೇ ಬರಬಹುದು. ವೈದ್ಯರ ಕಣ್ಣಳತೆಯಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಕುಶಿಂಗ್ ಅನುಮಾನ ಬಂದ ಯಾರನ್ನೇ ಆಗಲಿ ಸ್ಕ್ಯಾನಿಗೆ ಕಳಿಸುವ ಮೊದಲು, ಯಾವ ಸೂಜಿ, ಯಾವ ಪುಡಿ, ಎಷ್ಟು ದಿನದಿಂದ ಎಂದು ಸಿಟ್ಟಿಲ್ಲದೆ ಕೇಳಬೇಕು. ಬೈದರೆ ಯಾರೂ ನಿಜ ಹೇಳುವುದಿಲ್ಲ.

ಮೂರನೆಯದು ಒಳತಿರುಳಿನ ಗಡ್ಡೆ, ಫಿಯೋಕ್ರೋಮೋಸೈಟೋಮಾ, ಚಿಕ್ಕದಾಗಿ ಫಿಯೋ. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಕೆಲವರಿಗಷ್ಟೇ ಬರುವಂಥದ್ದು, ಆದರೆ ಮೂರರಲ್ಲಿ ಅತ್ಯಂತ ಅಪಾಯಕಾರಿ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮೈಯೆಲ್ಲ ಬೆವರು, ಎದೆ ಬಡಿತ; ಮುಖ ಬಿಳಚಿಕೊಳ್ಳುತ್ತದೆ, ಬಿಪಿ ಇನ್ನೂರು ದಾಟುತ್ತದೆ. ಕೆಲವು ನಿಮಿಷವೋ ಅರ್ಧ ಗಂಟೆಯೋ ಇದ್ದು ಇಳಿದುಹೋಗುತ್ತದೆ. ದವಾಖಾನೆ ಮುಟ್ಟುವ ಹೊತ್ತಿಗೆ ಬಿಪಿ ಸರಿಯಾಗಿರಬಹುದು. "ಏನೂ ಇಲ್ಲ, ಹೆದರಿಕಿ ಅಷ್ಟ" ಎಂದು ನಿದ್ದೆಯ ಗುಳಿಗೆ ಕೊಟ್ಟು ಕಳಿಸುತ್ತಾರೆ. ಮನೆಯವರು ಗಾಳಿ ಸೋಂಕಿರಬೇಕು ಎನ್ನುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ತಿಂಥಣಿಯ ಮೌನಪ್ಪಯ್ಯನ, ಅಂದರೆ ಮೌನೇಶ್ವರನ, ಗುಡಿಗೆ ಇಂಥ ಸಂಕಟ ಹೊತ್ತು ಬರುವವರಿದ್ದಾರೆ; ಹರಕೆ ಹೊರುವುದನ್ನು ನಾನು ತಪ್ಪೆನ್ನುವುದಿಲ್ಲ. ಜಾತ್ರೆಯ ದಿನಗಳಲ್ಲಿ ಅಲ್ಲೊಂದು ಬಿಪಿ ನೋಡುವ ಟೇಬಲ್ ಹಾಕಿ, ಹೀಗೆ ಬಂದು ಹೋಗುವ ಬೆವರು, ಎದೆಬಡಿತದ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ಎಷ್ಟೋ ಜನರ ಹೆಸರು ಸರಿಯಾದ ಚೀಟಿಯ ಮೇಲೆ ಬರುತ್ತದೆ.

ಬಸುರಿಯರಲ್ಲಿ ಇದು ಇನ್ನೂ ಮೋಸ ಮಾಡುತ್ತದೆ. ಬಸುರಿ ಬಿಪಿ ಎಂದೇ ಎಲ್ಲರಿಗೂ ತೋರುತ್ತದೆ, ಹೆರಿಗೆಯ ಹೊತ್ತಿಗೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಐದು ತಿಂಗಳು ತುಂಬುವ ಮೊದಲೇ ಏರಿದ ಬಿಪಿಯನ್ನು ಬಸಿರಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವಂತಿಲ್ಲ. ಸಮಯಕ್ಕೆ ಗೊತ್ತಾದರೆ ಆರು ತಿಂಗಳ ಒಳಗೆ, ರಂಧ್ರಗಳ ಮೂಲಕವೇ ಗಡ್ಡೆ ತೆಗೆದು ಬಸಿರನ್ನು ಮುಂದುವರಿಸಬಹುದು.

1886ರಲ್ಲಿ ಜರ್ಮನಿಯ ಫ್ರೈಬುರ್ಗ್ ಊರಿನಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಇಂಥದ್ದೇ ಎದೆಬಡಿತ, ತಲೆನೋವಿನಿಂದ ತೀರಿಕೊಂಡಳು. ಫೆಲಿಕ್ಸ್ ಫ್ರಾಂಕೆಲ್ ಎಂಬ ವೈದ್ಯರು ಶವಪರೀಕ್ಷೆಯಲ್ಲಿ ಎರಡೂ ಅಡ್ರಿನಲ್‌ಗಳಲ್ಲಿ ಗಡ್ಡೆ ಕಂಡು ದಾಖಲಿಸಿದರು. ಬದುಕಿರುವವರಿಂದ ಇಂಥ ಗಡ್ಡೆಯನ್ನು ತೆಗೆದದ್ದು 1926ರಲ್ಲಿ, ಸ್ವಿಟ್ಜರ್‌ಲ್ಯಾಂಡಿನ ಸೀಸರ್ ರೂ ಮತ್ತು ಅಮೆರಿಕದ ಚಾರ್ಲ್ಸ್ ಮೇಯೋ. ಮೇಯೋ ಅವರ ರೋಗಿ ಒಬ್ಬ ಕ್ರೈಸ್ತ ಸನ್ಯಾಸಿನಿ. ಹೊಟ್ಟೆ ತೆರೆಯುವಾಗ ಒಳಗೆ ಏನಿದೆ ಎಂಬುದೇ ಮೇಯೋ ಅವರಿಗೆ ಗೊತ್ತಿರಲಿಲ್ಲ, ಆಕೆ ಬದುಕುಳಿದರು. ಎಲ್ಲರೂ ಹಾಗೆ ಉಳಿಯಲಿಲ್ಲ. ಗಡ್ಡೆಯನ್ನು ಮುಟ್ಟಿದೊಡನೆ ಅಡ್ರಿನಲಿನ್ ರಕ್ತಕ್ಕೆ ನುಗ್ಗಿ ಬಿಪಿ ಆಕಾಶಕ್ಕೇರುತ್ತಿತ್ತು. ಅದರ ರಕ್ತನಾಳ ಕಟ್ಟಿದೊಡನೆ ಪಾತಾಳಕ್ಕಿಳಿಯುತ್ತಿತ್ತು. ದಶಕಗಳ ಕಾಲ ಈ ಆಪರೇಷನ್ ಶಸ್ತ್ರವೈದ್ಯರಿಗೂ ಅರಿವಳಿಕೆ ವೈದ್ಯರಿಗೂ ದುಃಸ್ವಪ್ನವಾಗಿತ್ತು. ಅದನ್ನು ಬದಲಿಸಿದ್ದು ಹೊಸ ಚಾಕುವೂ ಅಲ್ಲ, ಕ್ಯಾಮೆರಾವೂ ಅಲ್ಲ. ಆಲ್ಫಾ ಬ್ಲಾಕರ್ ಎಂಬ ಗುಳಿಗೆ.

ಶೀರ್ಷಿಕೆಯಲ್ಲಿ ಹೇಳಿದ ಹದಿನಾಲ್ಕು ದಿನ ಈ ಗುಳಿಗೆಯದು. ಅಡ್ರಿನಲಿನ್ ರಕ್ತನಾಳಗಳನ್ನು ಹಿಂಡಿ ಬಿಗಿಯುವ ಜಾಗವನ್ನೇ ಇದು ಮುಚ್ಚಿಬಿಡುತ್ತದೆ. ಫಿನಾಕ್ಸಿಬೆಂಜಮಿನ್ ಇದರಲ್ಲಿ ಹಳೆಯದು. ಅದು ಸಿಗದಲ್ಲಿ, ದುಬಾರಿಯಾದಲ್ಲಿ ನಮ್ಮ ದೇಶದಲ್ಲಿ ಪ್ರಾಜೋಸಿನ್ ಕೊಡುತ್ತಾರೆ. ಹತ್ತರಿಂದ ಹದಿನಾಲ್ಕು ದಿನ, ಸ್ವಲ್ಪ ಸ್ವಲ್ಪವೇ ಪ್ರಮಾಣ ಏರಿಸುತ್ತ ಹೋಗುತ್ತಾರೆ. ವರ್ಷಗಟ್ಟಲೆ ಬಿಗಿದುಕೊಂಡಿದ್ದ ರಕ್ತನಾಳಗಳು ಸಡಿಲವಾಗುವಾಗ ಒಳಗೆ ರಕ್ತ ಸಾಲದಾಗುತ್ತದೆ. ಅದಕ್ಕೇ ನೀರು, ಮಜ್ಜಿಗೆ ಹೆಚ್ಚು ಕುಡಿಯಿರಿ, ಉಪ್ಪು ಹೆಚ್ಚು ತಿನ್ನಿ ಎಂದು ಹೇಳುತ್ತಾರೆ. ಬಿಪಿ ರೋಗಿಗೆ ಉಪ್ಪು ತಿನ್ನು ಎಂದರೆ ಮನೆಯವರಿಗೆ ಗಾಬರಿಯಾಗುವುದು ಸಹಜ; ಹೇಳುವವರು ಕಾರಣ ಬಿಡಿಸಿ ಹೇಳಬೇಕು. ಮೂಗು ಕಟ್ಟುತ್ತದೆ, ಎದ್ದು ನಿಂತರೆ ತಲೆ ತಿರುಗುತ್ತದೆ. ಎರಡೂ ಗುಳಿಗೆ ನಾಟುತ್ತಿರುವ ಗುರುತು. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಈ ಗುಳಿಗೆ ನುಂಗುತ್ತ ಹೊಲದಲ್ಲಿ ದುಡಿಯುವಂತಿಲ್ಲ. ಆ ಎರಡು ವಾರ ನೆರಳಿನಲ್ಲಿ, ಮನೆಯಲ್ಲಿ ಇರಬೇಕು.

ಇದರಲ್ಲಿ ಕ್ರಮ ತಪ್ಪಬಾರದು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್‌ನಂಥ ಬೀಟಾ ಬ್ಲಾಕರ್ ಗುಳಿಗೆಯನ್ನು ಆಲ್ಫಾ ಬ್ಲಾಕರ್ ಕೆಲಸ ಮಾಡತೊಡಗಿದ ಮೇಲಷ್ಟೇ ಕೊಡಬೇಕು. ಮೊದಲೇ ಕೊಟ್ಟರೆ ರಕ್ತನಾಳಗಳು ಇನ್ನೂ ಬಿಗಿದು ಬಿಪಿ ಏರಿ, ಹೃದಯ ಕೈಕೊಡಬಹುದು. "ಎದಿ ಹೊಡ್ಕೊಳ್ಳಾಕತ್ತದ" ಎಂದು ಬಂದ ಎಳೆಯರಿಗೆ ಪ್ರೊಪ್ರನೊಲಾಲ್ ಬರೆಯುವುದು ಸಾಮಾನ್ಯ ರೂಢಿ. ಅವರಿಗೆ ಬಿಪಿಯೂ ಬೆವರೂ ತಲೆನೋವೂ ಇದ್ದರೆ ಬರೆಯುವ ಕೈ ಒಂದು ಕ್ಷಣ ನಿಲ್ಲಬೇಕು. ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಸೂಜಿ, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಈ ಗಡ್ಡೆಯನ್ನು ಕೆಣಕಬಲ್ಲವು. ಇನ್ನೊಂದು: ಹಾರ್ಮೋನು ಪರೀಕ್ಷೆ ಆಗುವ ಮೊದಲು ಅಡ್ರಿನಲ್ ಗಡ್ಡೆಗೆ ಸೂಜಿ ಚುಚ್ಚಿ ತುಣುಕು ತೆಗೆಯಲು ಯಾರಿಗೂ ಒಪ್ಪಿಗೆ ಕೊಡಬಾರದು.

ಈಗ ಆಪರೇಷನ್. ಹಿಂದೆ ಅಡ್ರಿನಲ್ ತೆಗೆಯಲು ಪಕ್ಕೆಯ ಕೆಳಗೆ ಒಂದು ಗೇಣು ಕೊಯ್ಯುತ್ತಿದ್ದರು, ಕೆಲವೊಮ್ಮೆ ಕೊನೆಯ ಪಕ್ಕೆಲುಬಿನ ತುಂಡನ್ನೂ ತೆಗೆಯುತ್ತಿದ್ದರು. ಗಡ್ಡೆ ದೊಡ್ಡದೆಂದಲ್ಲ, ಗಡ್ಡೆ ಲಿಂಬೆಹಣ್ಣಿನಷ್ಟಿದ್ದರೂ ಅದಿರುವ ಆಳಕ್ಕೆ ಕೈ, ಕಣ್ಣು, ಬೆಳಕು ಮೂರೂ ಇಳಿಯಬೇಕಾಗಿತ್ತು. ಬಾವಿಗೆ ಬಿದ್ದ ತಂಬಿಗೆಯನ್ನು ಎತ್ತಲು ಬಾವಿಯನ್ನೇ ಅಗಲಿಸಿದ ಹಾಗೆ. ರಂಧ್ರದೊಳಗೆ ಇಳಿಸುವ ದುರ್ಬೀನು ಬಂದ ಮೇಲೆ ಪಾತಾಳಗರಡಿ ಬಿಟ್ಟು ತಂಬಿಗೆ ಎತ್ತುವುದು ಸಾಧ್ಯವಾಯಿತು. ದೇಹದ ಬೇರೆ ಯಾವ ಅಂಗಕ್ಕಿಂತಲೂ ಈ ಗ್ರಂಥಿಗೆ ರಂಧ್ರದ ಶಸ್ತ್ರಚಿಕಿತ್ಸೆ ಹೇಳಿ ಮಾಡಿಸಿದ್ದು ಎಂದು ನಾನು ನಂಬಿರುವುದು ಇದಕ್ಕೇ: ತೆಗೆಯಬೇಕಾದ್ದು ಸಣ್ಣದು, ಇರುವುದು ಆಳದಲ್ಲಿ, ಹೊಲಿದು ಮತ್ತೆ ಜೋಡಿಸಬೇಕಾದ್ದು ಏನೂ ಇಲ್ಲ.

ಭಾರತದಲ್ಲಿ ದುರ್ಬೀನಿನಿಂದ ಪಿತ್ತಕೋಶ ತೆಗೆಯುವ ಆಪರೇಷನ್ನನ್ನು ಮೊದಲು ಮಾಡಿದ್ದು 1990ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹೆಮ್ಟನ್ ಉದ್ವಾಡಿಯಾ. ಅಡ್ರಿನಲ್ ಅನ್ನು ಈ ದಾರಿಯಲ್ಲಿ ತೆಗೆದ ವರದಿಗಳು 1992ರಲ್ಲಿ ಬಂದವು: ಕೆನಡಾದ ಮಾಂಟ್ರಿಯಲ್‌ನ ಮಿಶೆಲ್ ಗ್ಯಾನ್ಯೆ ಅವರಿಂದ, ಅದೇ ಸುಮಾರಿಗೆ ಜಪಾನಿನ ವೈದ್ಯರಿಂದಲೂ. ಹತ್ತು ವರ್ಷ ಕಳೆಯುವುದರೊಳಗೆ ಜಗತ್ತಿನೆಲ್ಲೆಡೆ ಅದೇ ರೂಢಿಯಾಯಿತು.

ಮಾಡುವುದು ಹೀಗೆ. ಪೂರ್ತಿ ಅರಿವಳಿಕೆ ಕೊಟ್ಟು ರೋಗಿಯನ್ನು ಪಕ್ಕಕ್ಕೆ ಮಲಗಿಸುತ್ತಾರೆ, ಗಡ್ಡೆ ಇರುವ ಕಡೆ ಮೇಲಕ್ಕೆ. ಪಕ್ಕೆಲುಬಿನ ಅಂಚಿನ ಕೆಳಗೆ ಅರ್ಧದಿಂದ ಒಂದು ಸೆಂಟಿಮೀಟರ್‌ನ ಮೂರು ನಾಲ್ಕು ರಂಧ್ರ. ಕಾರ್ಬನ್ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸಿ ಕೆಲಸಕ್ಕೆ ಜಾಗ ಮಾಡಿಕೊಳ್ಳುತ್ತಾರೆ. ಒಂದು ರಂಧ್ರದಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ. ಎಡಗಡೆ ಗುಲ್ಮವನ್ನೂ ಮೇದೋಜೀರಕದ ಬಾಲವನ್ನೂ ಮೆಲ್ಲಗೆ ಮಗ್ಗುಲಿಗೆ ಹೊರಳಿಸಿದರೆ ಗ್ರಂಥಿ ಕಾಣುತ್ತದೆ. ಬಲಗಡೆ ಪಿತ್ತಜನಕಾಂಗವನ್ನು ಮೇಲಕ್ಕೆತ್ತಿ ಹಿಡಿಯಬೇಕು, ಅದರ ಹಿಂದೆಯೇ ಕೆಳಮೈಯ ರಕ್ತವನ್ನೆಲ್ಲ ಹೃದಯಕ್ಕೆ ಒಯ್ಯುವ ಮಹಾಸಿರೆ. ಬಲ ಅಡ್ರಿನಲ್‌ನ ಸಿರೆ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ, ನೇರ ಆ ಮಹಾಸಿರೆಗೇ ಸೇರುತ್ತದೆ. ಅದು ಹರಿದರೆ ಕ್ಷಣದಲ್ಲಿ ರಕ್ತದ ಕೆರೆ. ಶಸ್ತ್ರವೈದ್ಯರ ಕೈಯ ನಿಜವಾದ ಪರೀಕ್ಷೆ ಈ ಸಣ್ಣ ಸಿರೆಯನ್ನು ಬಿಡಿಸಿ, ಕ್ಲಿಪ್ ಹಾಕಿ, ಕತ್ತರಿಸುವುದರಲ್ಲಿದೆ. ಗ್ರಂಥಿಯನ್ನು ಎಂದೂ ಇಕ್ಕಳದಿಂದ ಹಿಡಿಯುವುದಿಲ್ಲ, ಅದು ಬೆಣ್ಣೆಯ ಹಾಗೆ ಒಡೆಯುತ್ತದೆ. ಸುತ್ತಲ ಕೊಬ್ಬನ್ನು ಹಿಡಿದು ಎತ್ತುತ್ತಾರೆ. ಕೊನೆಗೆ ಒಳಗೇ ಒಂದು ಚೀಲಕ್ಕೆ ಹಾಕಿ ಹೊರಗೆಳೆಯುತ್ತಾರೆ.

ಫಿಯೋ ಆದರೆ ಈ ಹೊತ್ತಿನುದ್ದಕ್ಕೂ ಅರಿವಳಿಕೆ ವೈದ್ಯರದೇ ದೊಡ್ಡ ಹೊಣೆ. ಕೈಯ ಧಮನಿಗೆ ಕೊಳವೆ ಹಾಕಿ ಪ್ರತಿ ಬಡಿತದ ಬಿಪಿ ನೋಡುತ್ತಿರುತ್ತಾರೆ, ಏರಿದರೆ ಇಳಿಸುವ ಔಷಧಿ ಒಂದು ಕೈಯಲ್ಲಿ, ಇಳಿದರೆ ಏರಿಸುವ ಔಷಧಿ ಇನ್ನೊಂದರಲ್ಲಿ. ಆಪರೇಷನ್ ಆದ ಮೊದಲ ದಿನ ರಕ್ತದ ಸಕ್ಕರೆಯೂ ಕುಸಿಯಬಹುದು, ಆದ್ದರಿಂದ ಒಂದು ರಾತ್ರಿ ಐಸಿಯು. ಒಂದು ಕಾಲಕ್ಕೆ ಹಲವರನ್ನು ಬಲಿ ತೆಗೆದುಕೊಂಡ ಈ ಆಪರೇಷನ್ನಿನಲ್ಲಿ ಈಗ ನುರಿತ ಕೇಂದ್ರಗಳಲ್ಲಿ ಸಾವು ನೂರಕ್ಕೆ ಎರಡು ಮೂರಕ್ಕಿಂತ ಕಡಿಮೆ.

ಬೆನ್ನಿನ ಕಡೆಯಿಂದ ಹೋಗುವ ಇನ್ನೊಂದು ದಾರಿಯೂ ಇದೆ. ಜರ್ಮನಿಯ ಎಸೆನ್ ನಗರದ ಮಾರ್ಟಿನ್ ವಾಲ್ಟ್ಸ್ 1990ರ ದಶಕದಿಂದ ಅದನ್ನು ಬೆಳೆಸಿದರು. ಬೋರಲು ಮಲಗಿಸಿ ಕೊನೆಯ ಪಕ್ಕೆಲುಬಿನ ಕೆಳಗೆ ಮೂರು ರಂಧ್ರ ಮಾಡುತ್ತಾರೆ. ಕರುಳಿನ ಗೊಡವೆಯೇ ಇಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಆದವರಿಗೆ, ಎರಡೂ ಕಡೆ ತೆಗೆಯಬೇಕಾದವರಿಗೆ ಇದು ಅನುಕೂಲ. ರೋಬೋಟ್ ಕೂಡ ಬಂದಿದೆ, ಖರ್ಚು ಹೆಚ್ಚು. ಸಾಮಾನ್ಯ ದುರ್ಬೀನಿಗಿಂತ ಅದರಿಂದ ರೋಗಿಗೆ ಬಹಳ ಲಾಭ ಎಂದು ತೋರಿಲ್ಲ. ಅದಕ್ಕಾಗಿ ಸಾಲ ಮಾಡಬೇಕಾಗಿಲ್ಲ.

ರಂಧ್ರವೇ ಎಲ್ಲರಿಗೂ ಸರಿ ಎಂದೂ ತಿಳಿಯಬಾರದು. ಅಡ್ರಿನಲ್‌ನ ಹೊರಪದರದ ಕ್ಯಾನ್ಸರ್ ಹತ್ತು ಲಕ್ಷಕ್ಕೆ ವರ್ಷಕ್ಕೆ ಒಬ್ಬಿಬ್ಬರಲ್ಲಿ ಕಾಣುವ ಅಪರೂಪದ ರೋಗ. ಅದು ದೊಡ್ಡದಾಗಿ ಸುತ್ತಲಿಗೆ ಹಬ್ಬಿದ್ದರೆ ಹೊಟ್ಟೆ ತೆರೆದೇ ಮಾಡಬೇಕು. ಗಡ್ಡೆಯ ಕವಚ ಒಡೆದು ಒಳಗೆ ಚೆಲ್ಲಿದರೆ ರೋಗ ಮರಳಿ ಬರುತ್ತದೆ. ಸಣ್ಣ ಗಾಯದ ಆಸೆಗೆ ಅಂಥ ಅಪಾಯ ತಂದುಕೊಳ್ಳಬಾರದು. ರಂಧ್ರದಿಂದ ಶುರು ಮಾಡಿ ನಡುವೆ ಹೊಟ್ಟೆ ತೆರೆಯಬೇಕಾಗಿ ಬಂದರೆ ಅದು ವೈದ್ಯರ ಸೋಲಲ್ಲ, ರೋಗಿಯ ಜೀವಕ್ಕಾಗಿ ತೆಗೆದುಕೊಂಡ ತೀರ್ಮಾನ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗಲೇ ಇದನ್ನು ಹೇಳಿರಬೇಕು.

ನಮ್ಮ ಕಡೆ ಅಡ್ರಿನಲ್ ಗಂಟು ಕಣ್ಣಿಗೆ ಬೀಳುವ ಇನ್ನೊಂದು ದಾರಿ ಮೂತ್ರದ ಕಲ್ಲು. ಸೊಂಟನೋವಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಕಲ್ಲಿನ ಜೊತೆಗೆ ಅಡ್ರಿನಲ್ ಗಂಟೂ ಇದೆ ಎಂದು ರಿಪೋರ್ಟು ಬರುತ್ತದೆ. ಇಂಥ ಅಚಾನಕ್ ಗಂಟು ಸ್ಕ್ಯಾನ್ ಆದ ನೂರು ಜನರಲ್ಲಿ ಸುಮಾರು ನಾಲ್ವರಲ್ಲಿ ಸಿಗುತ್ತದೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಬಹುಪಾಲು ನಿರುಪದ್ರವಿ. ಆದರೂ ಹಾರ್ಮೋನು ಪರೀಕ್ಷೆ ಆಗಲೇಬೇಕು: ರಾತ್ರಿ ಒಂದು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನುಂಗಿ ಬೆಳಿಗ್ಗೆ ಕಾರ್ಟಿಸೋಲ್ ನೋಡುವುದು, ಬಿಪಿ ಇದ್ದರೆ ಆಲ್ಡೊಸ್ಟೆರೋನ್ ಮತ್ತು ರೆನಿನ್, ಜೊತೆಗೆ ಫಿಯೋ ಪತ್ತೆಗೆ ಮೆಟಾನೆಫ್ರಿನ್. ಸ್ಕ್ಯಾನಿನಲ್ಲಿ ಕೊಬ್ಬಿನಂತೆ ಒಂದೇ ಸಮನೆ ಕಪ್ಪಗೆ ಕಾಣುವ, ಹಾರ್ಮೋನು ಸುರಿಸದ ಗಂಟನ್ನು ತೆಗೆಯುವುದು ಬೇಡವೇ ಬೇಡ. ನಾಲ್ಕು ಸೆಂಟಿಮೀಟರ್ ದಾಟಿ, ನೋಟವೂ ಅನುಮಾನ ಹುಟ್ಟಿಸುವಂತಿದ್ದರೆ ತಜ್ಞರು ಕೂತು ತೀರ್ಮಾನಿಸಬೇಕು.

ಎಲ್ಲಿಗೆ ಹೋಗಬೇಕು? ಮೂತ್ರಾಂಗ ಶಸ್ತ್ರವೈದ್ಯರು, ಹಾರ್ಮೋನು ಗ್ರಂಥಿಗಳ ಶಸ್ತ್ರವೈದ್ಯರು ಇಬ್ಬರೂ ಇದನ್ನು ಮಾಡುತ್ತಾರೆ. ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ–ಯುರಾಲಜಿ ಸಂಸ್ಥೆ ಇದೆ. ಹೊರಗೆ ವೆಲ್ಲೂರಿನ ಸಿಎಂಸಿಯಲ್ಲಿ, ಲಖನೌದ ಎಸ್‌ಜಿಪಿಜಿಐಯಲ್ಲಿ ಗ್ರಂಥಿಗಳ ಶಸ್ತ್ರಚಿಕಿತ್ಸೆಗೇ ವಿಭಾಗಗಳಿವೆ. ಕಲಬುರಗಿಯಲ್ಲಿ, ರಾಯಚೂರಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಯಾದಗಿರಿಗೂ ಸರ್ಕಾರಿ ಕಾಲೇಜು ಬಂದಿದೆ. ಕಟ್ಟಡ ನೋಡಿ ಆರಿಸಬೇಡಿ, "ಈ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ, ಸರ?" ಎಂದು ಕೇಳಿ. ವರ್ಷಕ್ಕೆ ಆರಕ್ಕಿಂತ ಕಡಿಮೆ ಮಾಡುವ ಕಡೆ ಅಡ್ರಿನಲ್ ಆಪರೇಷನ್ ಬೇಡ ಎಂದು ಯುರೋಪಿನ ಗ್ರಂಥಿ ಶಸ್ತ್ರವೈದ್ಯರ ಸಂಘ ಹೇಳಿದೆ. ಕೇಳುವುದು ರೋಗಿಯ ಹಕ್ಕು, ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

ದುಡ್ಡಿನ ಮಾತು. ಬಡವರ ದೊಡ್ಡ ಆಪರೇಷನ್ನುಗಳ ಖರ್ಚು ಸರ್ಕಾರ ಹೊರುವ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ. ಈಗ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ತೆಗೆದುಕೊಂಡೇ ಊರು ಬಿಡಬೇಕು. ಬೆಂಗಳೂರು ಮುಟ್ಟಿದ ಮೇಲೆ ಚೀಟಿಗಾಗಿ ವಾಪಸ್ ಬರುವುದು ದೊಡ್ಡ ಹಿಂಸೆ. ಆದರೆ ಆಸ್ಪತ್ರೆಗೆ ಸೇರುವ ಮುಂಚಿನ ಹಾರ್ಮೋನು ಪರೀಕ್ಷೆಗಳ ಖರ್ಚು ಹೆಚ್ಚಾಗಿ ಮನೆಯವರ ಕಿಸೆಯಿಂದಲೇ ಹೋಗುತ್ತದೆ. ಎಷ್ಟೋ ಜನ ನಿಂತುಬಿಡುವುದು ಇಲ್ಲಿಯೇ.

ಮೆಟಾನೆಫ್ರಿನ್ ಪರೀಕ್ಷೆಯನ್ನೇ ನೋಡಿ. ಇಪ್ಪತ್ನಾಲ್ಕು ಗಂಟೆಯ ಮೂತ್ರವನ್ನು ಪೂರ್ತಿ ಒಂದು ಕ್ಯಾನಿನಲ್ಲಿ ಕೂಡಿಡಬೇಕು. ಕ್ಯಾನಿನ ತಳಕ್ಕೆ ಆಮ್ಲ ಹಾಕಿರುತ್ತಾರೆ, ತಣ್ಣಗಿಡಬೇಕು. ಒಂದೇ ಕೋಣೆಯ ಮನೆ, ಮಕ್ಕಳು ಮರಿ, ಫ್ರಿಜ್ ಇಲ್ಲ, ಹೊರಗೆ ನಲವತ್ತೆರಡು ಡಿಗ್ರಿ. ಆಮೇಲೆ ಆ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಲಬುರಗಿಗೆ. ಹೆಣ್ಣುಮಕ್ಕಳಿಗೆ ಇದು ಎಂಥ ಸಂಕೋಚ! ಸುರಪುರ, ಶಹಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಂದು ದಿನ ಒಳರೋಗಿಯಾಗಿ ಇರಿಸಿಕೊಂಡು, ಅಲ್ಲೇ ಸಂಗ್ರಹಿಸಿ, ಅಳೆದು, ಸಣ್ಣ ಬಾಟಲಿಯೊಂದನ್ನು ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸುವುದು ಕಷ್ಟದ ಕೆಲಸವಲ್ಲ. ಮಕ್ಕಳ ಲಸಿಕೆಯ ಐಸ್ ಡಬ್ಬಿ ನಮ್ಮ ಹಳ್ಳಿಹಳ್ಳಿಗೂ ಹೋಗುತ್ತದೆ. ಮನಸ್ಸು ಮಾಡಿದರೆ ಇದೂ ಆಗುತ್ತದೆ. ಆಲ್ಫಾ ಬ್ಲಾಕರ್‌ನ ಎರಡು ವಾರವೂ ಹಾಗೆಯೇ. ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಕೂರಬೇಕಾಗಿಲ್ಲ. ಆಪರೇಷನ್ ಮಾಡುವ ವೈದ್ಯರು ಪ್ರಮಾಣ ಬರೆದುಕೊಟ್ಟರೆ, ದಿನಾ ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಫೋನಿನಲ್ಲಿ ತಿಳಿಸುವುದನ್ನು ಊರಿನ ಆರೋಗ್ಯ ಕೇಂದ್ರದ ನರ್ಸಮ್ಮ ಮಾಡಬಲ್ಲರು.

ಆಪರೇಷನ್ ಆದ ಮೇಲೆ ಏನಾಗುತ್ತದೆ ಎಂಬುದೂ ಗಡ್ಡೆಯ ಬಗೆಯ ಮೇಲೆ ನಿಂತಿದೆ. ಆಲ್ಡೊಸ್ಟೆರೋನ್ ಗಡ್ಡೆ ತೆಗೆದರೆ ಪೊಟ್ಯಾಸಿಯಂ ಹೆಚ್ಚುಕಡಿಮೆ ಎಲ್ಲರಿಗೂ ಸರಿಹೋಗುತ್ತದೆ, ಆದರೆ ಬಿಪಿ ಗುಳಿಗೆ ಪೂರ್ತಿ ಬಿಡುವವರು ಸುಮಾರು ಮೂರರಲ್ಲಿ ಒಬ್ಬರು. ಉಳಿದವರಲ್ಲಿ ಹೆಚ್ಚಿನವರಿಗೆ ಗುಳಿಗೆ ಕಡಿಮೆಯಾಗುತ್ತದೆ. ಬೇಗ ತೆಗೆದಷ್ಟೂ ಲಾಭ ಹೆಚ್ಚು. ಕುಶಿಂಗ್ ಗಡ್ಡೆ ತೆಗೆದವರಿಗೆ ಇನ್ನೊಂದು ಕಡೆಯ ಗ್ರಂಥಿ ಮಲಗಿಬಿಟ್ಟಿರುತ್ತದೆ, ಅದು ಎಚ್ಚರಗೊಳ್ಳಲು ತಿಂಗಳುಗಳು, ಕೆಲವರಿಗೆ ವರ್ಷವೂ ಬೇಕು. ಅಲ್ಲಿಯವರೆಗೆ ಹೈಡ್ರೋಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್ ತಪ್ಪಿಸುವಂತಿಲ್ಲ. ಎರಡೂ ಗ್ರಂಥಿ ತೆಗೆದವರಿಗೆ ಅದು ಜೀವನಪೂರ್ತಿ. ಜ್ವರ ಬಂದರೆ ಪ್ರಮಾಣ ಇಮ್ಮಡಿ. ವಾಂತಿ ಭೇದಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕೂಡಲೇ ದವಾಖಾನೆಗೆ ಹೋಗಿ ಸೂಜಿಯಲ್ಲಿ ಕೊಡಿಸಬೇಕು. "ಇವರು ಸ್ಟೀರಾಯ್ಡ್ ಮೇಲೆ ಬದುಕಿರುವವರು, ನಿಲ್ಲಿಸಬೇಡಿ" ಎಂದು ಕನ್ನಡದಲ್ಲಿ ಬರೆದ ಕಾರ್ಡು ಕಿಸೆಯಲ್ಲಿರಲಿ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿದ್ದರೆ ಮನೆಯಲ್ಲಿ ಓದುವವರು ಯಾರು?

ಫಿಯೋ ತೆಗೆಸಿಕೊಂಡವರು ವರ್ಷಕ್ಕೊಮ್ಮೆ ಮೆಟಾನೆಫ್ರಿನ್ ಪರೀಕ್ಷೆಯನ್ನು ಕನಿಷ್ಠ ಹತ್ತು ವರ್ಷ ಮಾಡಿಸಬೇಕು, ಏಕೆಂದರೆ ಇದು ಮರಳಿ ಬರಬಲ್ಲದು. ಮನೆತನದ ಲೆಕ್ಕವೂ ಇದೆ. ಫ್ರೈಬುರ್ಗ್‌ನ ಆ ಹುಡುಗಿ ಸತ್ತು ನೂರಿಪ್ಪತ್ತು ವರ್ಷಗಳ ಮೇಲೆ, 2007ರಲ್ಲಿ, ವೈದ್ಯರು ಅವಳ ವಂಶದವರನ್ನು ಹುಡುಕಿ ಪರೀಕ್ಷಿಸಿದರು. ಈ ಗಡ್ಡೆಗೂ ಥೈರಾಯ್ಡ್‌ನ ಒಂದು ಬಗೆಯ ಕ್ಯಾನ್ಸರಿಗೂ ಕಾರಣವಾಗುವ ಜೀನಿನ ದೋಷ ಆ ಮನೆತನದಲ್ಲಿ ಇನ್ನೂ ಹರಿದುಬರುತ್ತಿತ್ತು. ಫಿಯೋ ಬಂದವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಹೀಗೆ ವಂಶದಿಂದ ಬಂದಿರುತ್ತದೆ. ತಾಯಿ ತಂದೆಯಲ್ಲಿ ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಸೋದರಮಾವನ ಮಗಳನ್ನು ತಂದರೂ ಹೊರಗಿನ ಸಂಬಂಧ ಬೆಳೆಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಈ ಗಡ್ಡೆ ಸಿಕ್ಕಿದರೆ ಅವರಿಗೆ ಜೀನ್ ಪರೀಕ್ಷೆ ಮಾಡಿಸಬೇಕು. ದೋಷ ಸಿಕ್ಕರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು ಎಲ್ಲರದೂ ಪರೀಕ್ಷೆ ಆಗಬೇಕು. ಪರೀಕ್ಷೆ ಆಗುವವರೆಗೆ, ಆ ಮನೆಯ ಯಾರಿಗೇ ಆಗಲಿ, ಹಲ್ಲು ಕೀಳುವುದಿರಲಿ, ಹೆರಿಗೆಯಿರಲಿ, ಅರಿವಳಿಕೆ ಕೊಡುವ ಮೊದಲು ವೈದ್ಯರಿಗೆ ಈ ಮಾತನ್ನು ತಿಳಿಸಬೇಕು.